ನಲವತ್ತೊಂದು ವ್ಯತ್ಯಾಸಗಳು

ಆ ಸೋಮವಾರ ಕೆಡಬಹುದಾಗಿದ್ದ ಸಂಗತಿಗಳು ಬಹಳ ಇದ್ದವು. ನಾನು ಕೊಂಡೊಯ್ದ ಸಿ.ಡಿ. ಓದದೇ ಹೋಗಬಹುದಿತ್ತು. ಓದಿದರೂ ಭದ್ರಾವತಿಯ ಆ ಹಳೆಯ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯದೇ ಹೋಗಬಹುದಿತ್ತು. ತೆರೆದರೂ ಸರಿಯಾಗಿ ಕಬ್ಬಿಣ ಕರಗುವ ಹೊತ್ತಿಗೆ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೆ ಪ್ರಿಂಟರಿಗೆ ಕಾಗದ ಸಿಕ್ಕಿಕೊಳ್ಳಬಹುದಿತ್ತು. ಸುಜಾತ ಬರೆದ ಭಾಗ ಮಾಯವಾಗಬಹುದಿತ್ತು. ಅದು ಉಳಿದು ನಜೀರ್ ಬರೆದ ಭಾಗ ಮಾಯವಾಗಬಹುದಿತ್ತು. ಎರಡೂ ಉಳಿದು ಒಂದರ ಕಾಲನ್ನು ಇನ್ನೊಂದು ತುಳಿಯಬಹುದಿತ್ತು. ಐನೂರು ಕೆ.ಜಿ. ಕರಗಿದ ಕಬ್ಬಿಣಕ್ಕೆ ತಪ್ಪು ತೂಕದ ಸಿಲಿಕಾನ್ ಬೀಳಬಹುದಿತ್ತು. ಇದೆಲ್ಲಕ್ಕೂ ಮುಂಚೆ ನಾನು ಬಸ್ಸಿನಲ್ಲಿ ನಿದ್ದೆ ಹೋಗಿ ತರೀಕೆರೆಯಲ್ಲಿ ಕಣ್ಣು ಬಿಡಬಹುದಿತ್ತು.

ಈ ಪಟ್ಟಿಯನ್ನು ನಾನು ಈಗ ನೆನಪಿಸಿಕೊಂಡು ಬರೆಯುತ್ತಿಲ್ಲ. ಆಗಲೇ ಬರೆದಿಟ್ಟಿದ್ದೆ, ಡೈರಿಯ ಎರಡು ಪುಟಗಳಲ್ಲಿ, ನಂಬರ್ ಹಾಕಿ. ಒಟ್ಟು ಇಪ್ಪತ್ತಾರು. ಆ ಇಪ್ಪತ್ತಾರರಲ್ಲಿ ಒಂದೂ ಆಗಲಿಲ್ಲ.

ಇಸವಿ 2004, ಮೇ ತಿಂಗಳು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ನಾನು ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಮ್ಯಾನೇಜ್ ಮಾಡಲು ನನಗಿದ್ದವರು ಇಬ್ಬರು. ಒಬ್ಬಳು ಸುಜಾತ, ದಿನಾ ಆಯನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಇನ್ನೊಬ್ಬ ನಜೀರ್, ಭದ್ರಾವತಿಯ ಲೇತ್ ಮೆಕ್ಯಾನಿಕ್ ಒಬ್ಬರ ಮಗ. ಇಬ್ಬರಿಗೂ ನನಗಿಂತ ಚೆನ್ನಾಗಿ ಕೋಡ್ ಬರೆಯಲು ಬರುತ್ತಿತ್ತು. ನನಗೆ ಅವರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಗಾಬರಿಯಾಗುವುದು. ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಎಳೆದು ನೋಡುವ ನನ್ನ ಚಟವನ್ನು ಕೆಳಗಿನ ಪಾತ್ರೆ ಅಂಗಡಿಯವರು ಗಡಿಯಾರದ ಹಾಗೆ ಬಳಸುತ್ತಿದ್ದರು. ನಾನು ಎರಡನೇ ಸಲ ಇಳಿದರೆ ಅವರು ಶಟರ್ ಎಳೆಯುತ್ತಿದ್ದರು.

ನಮ್ಮ ದೊಡ್ಡ ಗಿರಾಕಿ ಭದ್ರಾವತಿಯ ಒಂದು ಎರಕದ ಕಾರ್ಖಾನೆ. ಅಲ್ಲಿ ಒಂದು ಸಲ ಕುಲುಮೆಯಲ್ಲಿ ಕರಗಿಸುವ ಕಬ್ಬಿಣಕ್ಕೆ ‘ಹೀಟ್’ ಎನ್ನುತ್ತಾರೆ. ಪ್ರತಿ ಹೀಟ್‌ನಿಂದ ಚೂರು ಸ್ಯಾಂಪಲ್ ತೆಗೆದು ಅದರಲ್ಲಿ ಸಿಲಿಕಾನ್, ಇಂಗಾಲ ಎಷ್ಟಿದೆ ಎಂದು ಯಂತ್ರದಲ್ಲಿ ನೋಡುತ್ತಾರೆ. ಸಿಲಿಕಾನ್ ಕಡಿಮೆಯಾದರೆ ಎರಕ ಗಾಜಿನಂತೆ ಒಡೆಯುತ್ತದೆ, ಹೆಚ್ಚಾದರೆ ಮೆತ್ತಗಾಗುತ್ತದೆ. ಎಷ್ಟು ಕೆ.ಜಿ. ಸೇರಿಸಬೇಕು ಎಂದು ಹೇಳುವುದು ನಮ್ಮ ಪ್ರೋಗ್ರಾಮಿನ ಕೆಲಸ. 2003ರ ದಸರಾದಲ್ಲಿ, ಆಯುಧ ಪೂಜೆಯ ದಿನವೇ ಅದನ್ನು ಅಲ್ಲಿ ಅಳವಡಿಸಿದ್ದೆವು.

ಅಲ್ಲಿಂದ ಶುರುವಾಯಿತು ನಮ್ಮ ಅಪರಾಧ. ಪ್ರೋಗ್ರಾಮಿನ ಮೂಲ ಬರಹಕ್ಕೆ, ಅಂದರೆ ಸೋರ್ಸ್ ಕೋಡಿಗೆ, ಎರಡು ಪ್ರತಿಗಳಾದವು. ಒಂದು ಶಿವಮೊಗ್ಗದಲ್ಲಿ ಸುಜಾತಳ ಬಳಿ. ಅವಳು ಅದಕ್ಕೆ ಹೀಟ್ ಸರ್ಟಿಫಿಕೇಟ್, ಅಂದರೆ ಆ ಹೀಟಿನಲ್ಲಿ ಏನೇನು ಎಷ್ಟಿದೆ ಎಂಬ ಪ್ರಮಾಣಪತ್ರ, ಮುದ್ರಿಸುವ ಭಾಗ ಸೇರಿಸುತ್ತಿದ್ದಳು. ಇನ್ನೊಂದು ಕಾರ್ಖಾನೆಯಲ್ಲಿ ನಜೀರನ ಬಳಿ. ಅವನು ಫೋರ್‌ಮನ್ ಹಾಲಪ್ಪನವರು ಹೇಳಿದಂತೆ ಲೆಕ್ಕವನ್ನು ಅಲ್ಲೇ ತಿದ್ದುತ್ತಿದ್ದ. ಒಂದೇ ಬುಡದಿಂದ ಹೀಗೆ ಒಡೆದು ಬೆಳೆಯುವ ಪ್ರತಿಗಳಿಗೆ ಬ್ರಾಂಚ್ ಎಂದೂ, ಅವನ್ನು ಮತ್ತೆ ಒಂದು ಮಾಡುವುದಕ್ಕೆ ಮರ್ಜ್ ಎಂದೂ ಹೆಸರು. ಯಾರು ಯಾವಾಗ ಏನು ತಿದ್ದಿದರು ಎಂದು ಜೋಪಾನ ಮಾಡುವ ವರ್ಷನ್ ಕಂಟ್ರೋಲ್ ಎಂಬ ವ್ಯವಸ್ಥೆ ಆಗಲೇ ಲೋಕದಲ್ಲಿತ್ತು. ನಮ್ಮಲ್ಲಿ ಇದ್ದದ್ದು ಪಂಚಾಂಗ. ಹಬ್ಬ ಬಂದಾಗ ಇಡೀ ಫೋಲ್ಡರನ್ನು ನಕಲು ಮಾಡಿ, ಹಬ್ಬದ ಹೆಸರಿಟ್ಟು ಸಿ.ಡಿ.ಗೆ ಬರೆಯುತ್ತಿದ್ದೆವು. ಸುಜಾತಳ ಕಪಾಟಿನಲ್ಲಿ ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ, ಯುಗಾದಿ. ನಜೀರನ ಚೀಲದಲ್ಲಿ ರಂಜಾನ್, ಬಕ್ರೀದ್. ತಾರೀಖು ಮರೆಯುತ್ತದೆ, ಹಬ್ಬ ಮರೆಯುವುದಿಲ್ಲ ಎಂದು ಈ ಪದ್ಧತಿ ತಂದವನು ನಾನೇ.

ದೀಪಾವಳಿಗೆ ಮರ್ಜ್ ಮಾಡೋಣ ಎಂದೆ. ಸಂಕ್ರಾಂತಿಗೆ ಎಂದೆ. ಯುಗಾದಿಯೂ ಹೋಯಿತು. ಏಳು ತಿಂಗಳಾದವು.

ಮೇ ತಿಂಗಳ ಒಂದು ಬುಧವಾರ ಹಾಲಪ್ಪನವರು ಫೋನ್ ಮಾಡಿದರು. ಟ್ರ್ಯಾಕ್ಟರ್ ತಯಾರಿಸುವ ಒಂದು ಕಂಪನಿ ಬ್ರೇಕ್ ಡ್ರಮ್ ಕೊಳ್ಳಲು ಮುಂದೆ ಬಂದಿತ್ತು. ಅವರ ಇನ್ಸ್‌ಪೆಕ್ಟರು ಹನ್ನೆರಡು ದಿನ ಬಿಟ್ಟು ಸೋಮವಾರ ಬರುತ್ತಾರೆ, ಕರಗಿಸುವುದರಿಂದ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಒಂದು ಹೀಟನ್ನು ಎದುರಿಗೆ ಕೂತು ನೋಡುತ್ತಾರೆ. ಲೆಕ್ಕವೂ ಸರ್ಟಿಫಿಕೇಟೂ ಒಂದೇ ಪ್ರೋಗ್ರಾಮಿನಿಂದ ಬರಬೇಕು.

“ಒಪ್ಪಿದ್ರೆ ಎರಡನೇ ಪಾಳಿ ಶುರು ಆಗುತ್ತೆ ಸಾರ್,” ಎಂದರು. ಆ ಪಾಳಿ ನಿಂತು ಒಂದು ವರ್ಷವಾಗಿತ್ತು. “ಇಪ್ಪತ್ತೆರಡು ಜನ. ಕೆಲ್ಸ ಇಲ್ದಿದ್ರೂ ದಿನಾ ಬೆಳಿಗ್ಗೆ ಗೇಟ್ ಹತ್ರ ಬರ್ತಾರೆ. ಏನೂ ಕೇಳಲ್ಲ. ನನ್ನ ಮುಖ ನೋಡಿ ಹೋಗ್ತಾರೆ.”

“ಆಯ್ತು ಹಾಲಪ್ಪನೋರೆ, ಮಾಡ್ತೀವಿ,” ಎಂದೆ. ಫೋನ್ ಇಟ್ಟ ಮೇಲೆ ನೀರು ಕುಡಿದೆ. ಮತ್ತೆ ಕುಡಿದೆ. ಆಮೇಲೆ ಡೈರಿ ತೆಗೆದೆ.

ಕೈಯಿಂದ ಮರ್ಜ್ ಮಾಡುವುದೆಂದರೆ ಎರಡೂ ಪ್ರತಿಗಳನ್ನು ಸಾಲು ಸಾಲಾಗಿ ಓದಿ ಹೋಲಿಸುವುದು. ಹನ್ನೊಂದು ಸಾವಿರ ಸಾಲು. ಅದಕ್ಕೆಂದೇ ಸಾಧನಗಳಿದ್ದವು, ಯಾವುದನ್ನು ಆರಿಸಿಕೊಳ್ಳಬೇಕು ಎನ್ನುವುದು ಪ್ರಶ್ನೆ. ಡಯಲ್-ಅಪ್ ಇಂಟರ್ನೆಟ್ಟಿನಲ್ಲಿ ಒಂದೊಂದನ್ನೂ ಇಳಿಸಿಕೊಳ್ಳಲು ಅರ್ಧ ದಿನ. ನಡುವೆ ಯಾರಾದರೂ ಫೋನ್ ಮಾಡಿದರೆ ಮತ್ತೆ ಮೊದಲಿಂದ. ನಾನು ದೊಡ್ಡ ಕೋಷ್ಟಕ ಹಾಕಿದೆ. ಮೇಲೆ ಎಂಟು ಸಾಧನಗಳ ಹೆಸರು, ಪಕ್ಕದಲ್ಲಿ ಗುಣಗಳು, ಪ್ರತಿಯೊಂದಕ್ಕೂ ಹತ್ತಕ್ಕೆ ಅಂಕ. ವೇಗ. ನೆರವಿನ ಪುಟ. ಬಣ್ಣ ಕಣ್ಣಿಗೆ ಹಿತವೇ? ಹೀಗೆ ಏಳು ದಿನ ಹೋಯಿತು.

“ಸಾರ್,” ಎಂದಳು ಸುಜಾತ, “ಬೇಜಾರ್ ಮಾಡ್ಕೋಬೇಡಿ. ನೀವು ಟೂಲ್ ನೋಡ್ತಿದೀರೋ, ಮಗಳಿಗೆ ಗಂಡು ನೋಡ್ತಿದೀರೋ?”

“ಗಂಡು ನೋಡಿದ್ರೆ ಇಷ್ಟೊತ್ತಿಗೆ ಮದ್ವೆ ಆಗಿ ಕೂಸು ತೊಟ್ಲಲ್ಲಿರ್ತಿತ್ತು ಮಾರಾಯ್ತಿ,” ಎಂದ ನಜೀರ್. ಮರ್ಜ್‌ಗಾಗಿ ಅವನನ್ನೂ ಶಿವಮೊಗ್ಗಕ್ಕೆ ಕರೆಸಿಕೊಂಡಿದ್ದೆ.

ಕೊನೆಗೆ ಉಳಿದದ್ದು ಎರಡು. ಒಂದು ಎರಡು ಕಿಟಕಿಯದು: ಎಡಕ್ಕೆ ಸುಜಾತಳ ಪ್ರತಿ, ಬಲಕ್ಕೆ ನಜೀರನದು, ಬೇರೆಯಾದ ಸಾಲಿಗೆ ಬಣ್ಣ. ಇನ್ನೊಂದು ಮೂರು ಕಿಟಕಿಯದು: ಇವೆರಡರ ಜೊತೆಗೆ ನಡುವೆ ಮೂಲ ಪ್ರತಿ, ಅಂದರೆ ಇಬ್ಬರೂ ತಿದ್ದಲು ಶುರು ಮಾಡುವ ಮುಂಚೆ ಇದ್ದದ್ದು.

ಈ ಮೂರನೆಯ ಕಿಟಕಿ ಯಾಕೆ ಬೇಕು ಎಂಬುದನ್ನು ಮದುವೆಯ ಕರೆಯೋಲೆಯಿಂದ ವಿವರಿಸಬಹುದು. ಒಂದೇ ಕರಡಿನ ಎರಡು ಪ್ರತಿಗಳನ್ನು ಹೆಣ್ಣಿನ ಕಡೆಯವರಿಗೊಂದು, ಗಂಡಿನ ಕಡೆಯವರಿಗೊಂದು ಕೊಟ್ಟಿದ್ದೀರಿ. ಇಬ್ಬರೂ ತಿದ್ದಿ, ಶುದ್ಧ ಪ್ರತಿ ಮಾಡಿ ಕಳಿಸಿದ್ದಾರೆ. ಒಂದರಲ್ಲಿ ಸೋದರಮಾವನ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಒಬ್ಬರು ಸೇರಿಸಿದರೋ, ಇನ್ನೊಬ್ಬರು ಹೊಡೆದುಹಾಕಿದರೋ? ಎರಡನ್ನೇ ನೋಡಿದರೆ ತಿಳಿಯುವುದಿಲ್ಲ. ಮೊದಲ ಕರಡು ಕೈಯಲ್ಲಿದ್ದರೆ ತಿಳಿಯುತ್ತದೆ: ಅದರಲ್ಲಿ ಮಾವ ಇಲ್ಲದಿದ್ದರೆ ಸೇರಿಸಿದ್ದು, ಇದ್ದರೆ ಹೊಡೆದದ್ದು. ಮೂರು ಕಿಟಕಿಯ ಸಾಧನ ಮಾಡುವುದು ಇಷ್ಟೇ, ಹನ್ನೊಂದು ಸಾವಿರ ಸಾಲಿಗೆ, ಒಂದು ನಿಮಿಷದಲ್ಲಿ.

ಅದನ್ನೇ ಆರಿಸಿದೆ. ಆದರೆ ನಮ್ಮ ಮೊದಲ ಕರಡು ಸಿ.ಡಿ.ಗೆ ಬರೆಯದೇ ಬಿಟ್ಟಿದ್ದ ದಸರಾ ಫೋಲ್ಡರಿನಲ್ಲಿತ್ತು. ದಸರಾ ಆಗಿ ಹತ್ತು ದಿನಕ್ಕೇ ಕಚೇರಿಯ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಸುಜಾತ ತನ್ನ ಪೆನ್ ಡ್ರೈವಿನಲ್ಲಿದ್ದ ಪ್ರತಿಯಿಂದ ಕೆಲಸ ಮುಂದುವರಿಸಿದ್ದಳು. ಕಪಾಟಿನಲ್ಲಿ ಸಿಕ್ಕ ಅತ್ಯಂತ ಹಳೆಯ ಸಿ.ಡಿ. ದೀಪಾವಳಿ.

“ದಸರಾಕ್ಕೂ ದೀಪಾವಳಿಗೂ ಎಷ್ಟು ದೂರ, ಇದನ್ನೇ ಮೂಲ ಅಂತ ಕೊಡೋಣ,” ಎಂದೆ. ದಿನಗಳು ಮುಗಿಯುತ್ತಿದ್ದವು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಸಾಧನವನ್ನು ಓಡಿಸಿದೆವು. ಒಂದು ನಿಮಿಷವೂ ಬೇಕಾಗಲಿಲ್ಲ. ಎರಡು ಪ್ರತಿಗಳ ನಡುವೆ ತಕರಾರು ಬಹಳ ಕಡಿಮೆ ಎಂದು ಹೇಳಿತು. ನನಗೆ ಕುಣಿಯುವಷ್ಟು ಸಂತೋಷವಾಗಿ, ಆ ಸಂತೋಷದಿಂದಲೇ ಅನುಮಾನ ಹುಟ್ಟಿತು. ಸುಜಾತ ಹೊಸ ಪ್ರತಿಯನ್ನು ತೆರೆದು ಕೆಳಗೆ ಸರಿಸುತ್ತಾ ಹೋದವಳು ತಟ್ಟನೆ ಮತ್ತೆ ಮೇಲಕ್ಕೆ ಸರಿಸಿದಳು.

“ನನ್ನ ಸರ್ಟಿಫಿಕೇಟ್ ಎಲ್ಲಿ?”

ಅವಳು ಸರ್ಟಿಫಿಕೇಟಿನ ಭಾಗದ ಬುನಾದಿಯನ್ನು ದಸರಾ ಮುಗಿದ ಮಾರನೇ ವಾರವೇ ಹಾಕಿದ್ದಳು. ಹಾಗಾಗಿ ಅದು ದೀಪಾವಳಿ ಪ್ರತಿಯಲ್ಲಿತ್ತು. ನಜೀರನ ಪ್ರತಿಯಲ್ಲಿ ಎಂದೂ ಇರಲಿಲ್ಲ. ಸಾಧನ ತನ್ನ ನ್ಯಾಯದಂತೆ ಯೋಚಿಸಿತು: ಮೂಲದಲ್ಲಿ ಇದೆ, ನಜೀರನದರಲ್ಲಿ ಇಲ್ಲ, ಅಂದರೆ ನಜೀರ್ ಬೇಡವೆಂದು ತೆಗೆದಿದ್ದಾನೆ. ಹಾಗಾದರೆ ತೆಗೆಯೋಣ. ಸದ್ದಿಲ್ಲದೆ ತೆಗೆದಿತ್ತು. ತಪ್ಪು ಕರಡನ್ನು ಕೊಟ್ಟವನು ನಾನು. ಅದು ಸೋದರಮಾವನನ್ನು ಮದುವೆಯಿಂದಲೇ ಹೊರಗೆ ಹಾಕಿತ್ತು.

“ನಾನ್ ಮುಟ್ಟೇ ಇಲ್ಲ ಮಾರಾಯ್ತಿ,” ಎಂದ ನಜೀರ್, ಎರಡೂ ಕೈ ಎತ್ತಿ.

ಅಂದು ಮನೆಯಲ್ಲಿ ಅನ್ನ ಕಲಸುತ್ತಾ ಕೂತವನಿಗೆ ಒಂದು ನೆನಪಾಯಿತು. ಕಾರ್ಖಾನೆಯಲ್ಲಿ ಪ್ರೋಗ್ರಾಂ ಅಳವಡಿಸಿದ ದಿನ, ಯಾವುದಕ್ಕೂ ಇರಲಿ ಎಂದು ಸೋರ್ಸ್ ಕೋಡನ್ನು ಎರಡು ಫ್ಲಾಪಿಗಳಿಗೆ ಹಾಕಿ ಹಾಲಪ್ಪನವರ ಕೈಗೆ ಕೊಟ್ಟಿದ್ದೆ. ಗಾಬರಿ ಬೀಳುವವನ ಬದುಕಿನಲ್ಲಿ ಇಂಥ ‘ಯಾವುದಕ್ಕೂ ಇರಲಿ’ಗಳು ಎಷ್ಟಿರುತ್ತವೆಂದರೆ, ಎಲ್ಲಿ ಏನಿಟ್ಟೆ ಎನ್ನುವುದೇ ಮರೆತುಹೋಗುತ್ತದೆ. ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಭದ್ರಾವತಿಗೆ ಹೋದೆ.

ಹಾಲಪ್ಪನವರು ಕೇಳಿದ ಕೂಡಲೇ ತಲೆಯಾಡಿಸಿದರು. “ಇದಾವೆ ಸಾರ್, ಎಲ್ಲಿಗೆ ಹೋಗ್ತಾವೆ? ದೇವ್ರ ಹತ್ರ ಇದಾವೆ.”

ಕುಲುಮೆಯ ಪಕ್ಕದ ಗೋಡೆಯಲ್ಲಿ ದೇವರ ಪಟಗಳ ಪುಟ್ಟ ಗೂಡು. ಅದರೊಳಗೆ ಒಂದು ಹಳೆಯ ಸ್ಪ್ಯಾನರ್, ಅಳತೆಯ ಕ್ಯಾಲಿಪರ್, ಮತ್ತು ನನ್ನ ಎರಡು ಫ್ಲಾಪಿಗಳು. ಆಯುಧ ಪೂಜೆಯ ದಿನ ಕೊಟ್ಟದ್ದರಿಂದ ಅವೂ ಆಯುಧಗಳಾಗಿದ್ದವು. ಎರಡಕ್ಕೂ ಅರಿಶಿನ, ಕುಂಕುಮ ಹಚ್ಚಿ, ಮೇಲೊಂದು ಒಣಗಿದ ಸೇವಂತಿಗೆ.

“ಏಳು ತಿಂಗಳು ದಿನಾ ಊದುಬತ್ತಿ ಹಚ್ಚಿದೀವಿ,” ಎಂದರು.

ಊದುಬತ್ತಿಯ ಹೊಗೆಯಿಂದ ಫ್ಲಾಪಿಗೆ ಏನಾಗುತ್ತದೆ ಎನ್ನುವುದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಬಸ್ಸಿನಲ್ಲಿ ಕೂತು ಸೇರಿಸಿದೆ. ಶಿವಮೊಗ್ಗದಲ್ಲಿ ನಜೀರ್ ಕನ್ನಡಕದ ಬಟ್ಟೆಯಿಂದ ಕುಂಕುಮ ಒರೆಸಿ ಮೊದಲನೆಯದನ್ನು ಡ್ರೈವಿಗೆ ಹಾಕಿದ. ಓದಿತು. ಎರಡನೆಯದು ಗರಗರ ಎಂದು ಸದ್ದು ಮಾಡಿತು. ಹೊರಗೆ ತೆಗೆದ, ಊದಿದ, ಮತ್ತೆ ಹಾಕಿದ. ಮೂರನೇ ಸಲಕ್ಕೆ ಓದಿತು.

ದಸರಾ ಮೂಲವಾಗಿ ಬಂದದ್ದೇ ಪರದೆಯ ಚಹರೆಯೇ ಬದಲಾಯಿತು. ಸರ್ಟಿಫಿಕೇಟು ವಾಪಸ್ಸು ಬಂತು. ಸುಮಾರು ಎಲ್ಲವನ್ನೂ ಸಾಧನವೇ ಹೊಂದಿಸಿ, ಮನುಷ್ಯರು ನೋಡಬೇಕಾದ ಕಡೆ ಗುರುತು ಹಾಕಿತು. ನಲವತ್ತೊಂದು ಕಡೆ.

ಶುಕ್ರವಾರ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡೆ. ನಿಯಮ ಒಂದೇ: ಪ್ರತಿ ವ್ಯತ್ಯಾಸಕ್ಕೂ ಬರೆದವರು ಯಾಕೆ ಬರೆದೆವು ಎಂದು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಒಪ್ಪಬೇಕು, ಆಮೇಲೆ ನಾನು ಬಟನ್ ಒತ್ತುವುದು. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆವು. ಜಗಳಗಳೂ ಆದವು. “ಇಲ್ಯಾಕೆ ಎರಡು ಸಲ ಸೇವ್ ಮಾಡಿದೀಯಾ?” “ಅಲ್ಲಿಯ ಕರೆಂಟ್ ನಿಂಗೊತ್ತಿಲ್ಲ, ಕಣ್ಣು ಮಿಟುಕಿಸೋದ್ರಲ್ಲಿ ಹೋಗಿರುತ್ತೆ.” ಒಂದು ಗಂಟೆಯ ಹೊತ್ತಿಗೆ ಮೂವತ್ತೆಂಟು ಮುಗಿದಿದ್ದವು. ನಜೀರ್ ನಮಾಜಿಗೆ ಹೊರಟ. ಸುಜಾತ ಡಬ್ಬಿ ತೆರೆಯಲು ಒಳಗೆ ಹೋದಳು.

ನಾನೊಬ್ಬನೇ ಪರದೆಯ ಮುಂದೆ ಉಳಿದೆ. ಮೂವತ್ತೊಂಬತ್ತನೆಯದು ನಜೀರನ ಕಡೆಯದು. ಎರಕ ಹೊಯ್ದ ಸಮಯವನ್ನು ನಮೂದಿಸಿದ ಮೇಲೆ ಹತ್ತು ನಿಮಿಷ ಬಿಟ್ಟು ಕಂಪ್ಯೂಟರ್ ಮೂರು ಸಲ ಕೂಗುವಂತೆ ಒಂದು ಸಾಲು. ಏಕೆಂದು ಟಿಪ್ಪಣಿ ಇಲ್ಲ. ಪ್ರೋಗ್ರಾಮರುಗಳು ಪರೀಕ್ಷೆ ಮಾಡುವಾಗ ಇಂಥ ಕೂಗನ್ನು ಹಾಕಿಕೊಂಡು ತೆಗೆಯಲು ಮರೆಯುವುದುಂಟು. ಇನ್ಸ್‌ಪೆಕ್ಟರ್ ಎದುರು ಅದು ಕೂಗಿದರೆ? ಅವರು ಏನಿದು ಎಂದರೆ? ಇಷ್ಟು ದಿನದಲ್ಲಿ ಒಂದಾದರೂ ನಿರ್ಧಾರವನ್ನು ಸ್ವಂತವಾಗಿ ಮಾಡೋಣ ಎನಿಸಿತು. ಅಳಿಸಿದೆ. ಮನಸ್ಸು ಹಗುರಾಯಿತು. ಉಳಿದೆರಡನ್ನು ಇಬ್ಬರೂ ಬಂದ ಮೇಲೆ ಮುಗಿಸಿದೆವು.

ಶನಿವಾರ ಕಾರ್ಖಾನೆಯಲ್ಲಿ ಒಣ ಪರೀಕ್ಷೆ. ಕಬ್ಬಿಣ ಕರಗಿಸದೆ, ಹಾಲಪ್ಪನವರ ರಿಜಿಸ್ಟರಿನಿಂದ ಹಳೆಯ ಹೀಟ್ ಒಂದರ ಅಂಕಿಗಳನ್ನು ತೆಗೆದು ಪ್ರೋಗ್ರಾಮಿಗೆ ಕೊಡುವುದು. ಅಂದು ಅವರು ಹಾಕಿದ್ದು ಮೂರು ಕೆ.ಜಿ. ಮುನ್ನೂರು ಗ್ರಾಂ ಸಿಲಿಕಾನ್, ಎರಕ ಚೆನ್ನಾಗಿ ಬಂದಿತ್ತು. ನಮ್ಮ ಹೊಸ ಪ್ರೋಗ್ರಾಂ ನಾಲ್ಕು ಕೆ.ಜಿ. ನೂರಿಪ್ಪತ್ತೈದು ಎಂದಿತು.

ಗೇಟಿನ ಹೊರಗೆ ಬೈಸಿಕಲ್ಲಿಗೆ ಒರಗಿ ನಿಂತಿದ್ದ ನಾಲ್ಕೈದು ಜನ ಕಿಟಕಿಯಿಂದ ಕಾಣುತ್ತಿದ್ದರು. ಅವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

“ನಜೀರಾ,” ಎಂದರು ಹಾಲಪ್ಪನವರು ನಿಧಾನಕ್ಕೆ, “ಕುಲುಮೇಲಿ ಐದರಲ್ಲಿ ಒಂದು ಪಾಲು ಸಿಲಿಕಾನ್ ಉರಿದು ಹೋಗುತ್ತೆ, ಅದನ್ನ ಲೆಕ್ಕಕ್ಕೆ ಹಿಡಿ ಅಂತ ನಾನ್ ನಿಂಗೆ ಹೇಳಿದ್ನಲ್ಲ?”

“ಹಿಡಿದಿದೀನಲ್ಲ ಹಾಲಪ್ಪಣ್ಣ. ಲೆಕ್ಕದ ಕೊನೇಲಿದೆ ನೋಡಿ.”

ಸುಜಾತ ಬಾಯಿಗೆ ಕೈ ಇಟ್ಟುಕೊಂಡಳು. “ನಂಗೂ ಫೋನಲ್ಲಿ ಹೇಳಿದ್ರಲ್ಲ ನೀವು. ನಾನು ಲೆಕ್ಕದ ಶುರುವಲ್ಲೇ ಹಿಡಿದಿದೀನಿ.”

“ಹೌದಮ್ಮಾ, ಹೇಳಿದ್ದೆ. ಇವ್ನು ಮರೆತ್ರೆ ಅನ್ನೋ ಭಯಕ್ಕೆ.” ಹಾಲಪ್ಪನವರು ಹಣೆ ಒತ್ತಿಕೊಂಡರು. “ಸರಿಹೋಯ್ತು. ಅತ್ತೆನೂ ಸಾರಿಗೆ ಉಪ್ಪು ಹಾಕಿದ್ಲು, ಸೊಸೆನೂ ಹಾಕಿದ್ಲು.”

ಒಂದು ತಿದ್ದುಪಡಿ ಮೇಲೆ, ಇನ್ನೊಂದು ನಲವತ್ತು ಸಾಲು ಕೆಳಗೆ. ಸಾಧನದ ಕಣ್ಣಿಗೆ ಇಬ್ಬರೂ ಬೇರೆ ಬೇರೆ ಸಾಲು ಮುಟ್ಟಿದ್ದರು, ತಕರಾರೇ ಇಲ್ಲ, ಎರಡನ್ನೂ ಇಟ್ಟುಕೊಂಡಿತ್ತು. ನಲವತ್ತೊಂದರ ಪಟ್ಟಿಗೆ ಅದು ಬಂದಿರಲೇ ಇಲ್ಲ. ಸಾಲುಗಳು ಎಲ್ಲಿ ಬೇರೆ ಎಂದು ಅದಕ್ಕೆ ಗೊತ್ತಿತ್ತು. ಎರಡು ಸಾಲುಗಳು ಒಂದೇ ಕೆಲಸ ಮಾಡುತ್ತಿವೆ ಎಂದು ಗೊತ್ತಾಗಲು ಹಾಲಪ್ಪನವರ ರಿಜಿಸ್ಟರ್ ಬೇಕಾಯಿತು. ಸುಜಾತಳ ತಿದ್ದುಪಡಿಯನ್ನು ತೆಗೆದು, ನಜೀರನದನ್ನು ಉಳಿಸಿ, ಮತ್ತೆ ಓಡಿಸಿದೆವು. ಮೂರು ಕೆ.ಜಿ. ಮುನ್ನೂರು. ರಿಜಿಸ್ಟರಿನ ಇನ್ನೂ ಹನ್ನೆರಡು ಹೀಟ್‌ಗಳನ್ನು ನೋಡಿದೆವು. ಹನ್ನೆರಡೂ ಸರಿ. ನಾನು ಹದಿಮೂರನೆಯದನ್ನೂ ಕೇಳಿದಾಗ ಹಾಲಪ್ಪನವರು ರಿಜಿಸ್ಟರ್ ಮುಚ್ಚಿದರು.

ಸೋಮವಾರ ಮೂರು ಪ್ರತಿಗಳೊಂದಿಗೆ ಹೊರಟೆವು. ಒಂದು ನನ್ನ ಚೀಲದಲ್ಲಿ, ಒಂದು ಸುಜಾತಳ ಊಟದ ಡಬ್ಬಿಯ ಖಾಲಿ ಅಂತಸ್ತಿನಲ್ಲಿ, ಒಂದು ಬೈಕಿನಲ್ಲಿ ಬೇರೆಯಾಗಿ ಬಂದ ನಜೀರನ ಜೇಬಿನಲ್ಲಿ. ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಲಿಲ್ಲ.

ಇನ್ಸ್‌ಪೆಕ್ಟರು ಕಡಿಮೆ ಮಾತಿನ ಮನುಷ್ಯ. ಕೈಕಟ್ಟಿ ಕುರ್ಚಿಯಲ್ಲಿ ಕೂತರು. ಕುಲುಮೆ ಹೊತ್ತಿತು, ಕಬ್ಬಿಣ ಕರಗಿತು, ಸ್ಯಾಂಪಲ್ ಹೋಗಿ ಬಂತು. ನಜೀರ್ ಅಂಕಿಗಳನ್ನು ಹೊಡೆದ. ಪರದೆಯ ಮೇಲೆ ತೂಕ ಬಂತು. ಹಾಲಪ್ಪನವರು ಅದನ್ನು ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ನನ್ನತ್ತ ಒಂದು ಸಣ್ಣ ತಲೆಯಾಡಿಕೆ ಕೊಟ್ಟರು. ಆಮೇಲೆ ಅಷ್ಟೇ ತೂಕದ ಸಿಲಿಕಾನ್ ಬಿತ್ತು, ಕೆಂಪು ಬೆಳಕು ಮುಖದ ಮೇಲೆಲ್ಲ ಆಡಿತು, ಎರಕ ಅಚ್ಚುಗಳಿಗೆ ಇಳಿಯಿತು. ಕೊನೆಯ ಸ್ಯಾಂಪಲ್ಲಿನ ಅಂಕಿಗಳು ಬೇಕಾದ ಮಿತಿಯೊಳಗೇ ನಿಂತವು. ಪ್ರಿಂಟರು ಕಿರ್ರ್ ಕಿರ್ರ್ ಎನ್ನುತ್ತಾ ಸರ್ಟಿಫಿಕೇಟನ್ನು ಹೊರಹಾಕಿತು, ಕಾಗದ ಸಿಕ್ಕಿಕೊಳ್ಳದೆ.

ಇನ್ಸ್‌ಪೆಕ್ಟರು ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಆಮೇಲೆ ಗಡಿಯಾರ ನೋಡಿದರು. ನನ್ನ ಕೈ ಡೈರಿಯತ್ತ ಹೋಯಿತು.

“ಕೆಲಸ ಎಲ್ಲಾ ಅಚ್ಚುಕಟ್ಟಾಗಿದೆ,” ಎಂದರು. “ಆದ್ರೆ ಬೆಳಿಗ್ಗೆ ಎಂಟೂವರೆಯಿಂದ ಕೂತಿದೀನಿ. ನಿಮ್ಮ ಕಾರ್ಖಾನೇಲಿ ಟೀ ಕೊಡೋ ಪದ್ಧತಿ ಇಲ್ವೇನ್ರಿ?”

ಹಾಲಪ್ಪನವರು ಹಿಂದಿನ ಕಿಟಕಿಗೆ ಹೋಗಿ ಗದರಿದರು. ಕಿಟಕಿಯ ಆಚೆ ಕ್ಯಾಂಟೀನು. ಅದನ್ನು ನಡೆಸುವ ಮುರುಗನ್ ಕೆಟಲ್ ಹಿಡಿದು ತಯಾರಾಗಿಯೇ ನಿಂತಿದ್ದರು.

“ಸೌಂಡೇ ಬರ್ಲಿಲ್ಲ ಸಾರ್!” ಎಂದರು ಮುರುಗನ್. “ಮೂರು ಸಲ ಕೂಗ್ಬೇಕಲ್ಲ? ಕೂಗ್ಲಿಲ್ಲ ಅಂದ್ರೆ ಎರಕ ಆಗ್ಲಿಲ್ಲ ಅಂತ ಅಲ್ವಾ? ಒಂದು ಗಂಟೆ ಆಯ್ತು, ಕಾಯ್ತಾ ನಿಂತಿದೀನಿ.”

ನಜೀರ್ ನನ್ನನ್ನು ನೋಡಿದ. ಅವನು ಹೇಳುವ ಮೊದಲೇ ನನಗೆ ತಿಳಿದಿತ್ತು, ಆದರೂ ಹೇಳಿದ. ಮುರುಗನ್ ತರುವ ಟೀ ಯಾವಾಗಲೂ ಸರಿಯಾಗಿ ಎರಕ ಹೊಯ್ಯುವ ಹೊತ್ತಿಗೆ ಬಂದು ಆರಿಹೋಗುತ್ತಿತ್ತಂತೆ. ಕರಗಿದ ಕಬ್ಬಿಣ ಬಿಟ್ಟು ಲೋಟ ಹಿಡಿಯುವವರು ಯಾರು? ಕೆಲಸಗಾರರೇ ಕೇಳಿ, ಎರಕ ಮುಗಿದು ಹತ್ತು ನಿಮಿಷಕ್ಕೆ ಕಂಪ್ಯೂಟರ್ ಕೂಗುವಂತೆ ಮಾಡಿಸಿಕೊಂಡಿದ್ದರು. ನಜೀರ್ ಏಳು ತಿಂಗಳಲ್ಲಿ ಬರೆದ ಅಷ್ಟೂ ಸಾಲುಗಳಲ್ಲಿ ಅಲ್ಲಿಯ ಜನ ಹೊಗಳಿದ್ದು ಅದೊಂದನ್ನೇ.

“ಅದನ್ನ ಯಾರು ತೆಗೆದ್ರು ಸಾರ್?” ಎಂದಳು ಸುಜಾತ, ಬಹಳ ಮುಗ್ಧವಾಗಿ.

ಆಮೇಲೆ ನಾವು ಹಬ್ಬದ ಪದ್ಧತಿ ಬಿಟ್ಟು ವರ್ಷನ್ ಕಂಟ್ರೋಲ್ ಹಾಕಿಕೊಂಡೆವು. ಮುಂದೆ ಎಷ್ಟೋ ಹೊಸ ಸಾಧನಗಳು ಬಂದವು, ಕೋಷ್ಟಕವಿಲ್ಲದೆ ಆರಿಸಿಕೊಂಡೆ. ಮೂಲ ಪ್ರತಿ ಸರಿಯಿದ್ದರೆ ಯಾವುದಾದರೂ ನಡೆಯುತ್ತದೆ. ವೃತ್ತಿ ನನಗೆ ಕಲಿಸಿದ್ದು ಬೇರೆ: ನಲವತ್ತು ವ್ಯತ್ಯಾಸಗಳನ್ನು ಬರೆದವರನ್ನೇ ಕೇಳಿ ತೀರ್ಮಾನಿಸಿದೆವು, ನಲವತ್ತೂ ಸರಿಯಾದವು. ಕೇಳದೆ ನಾನೇ ತೀರ್ಮಾನಿಸಿದ್ದು ಒಂದು.

ಜೂನ್ ಮೊದಲ ವಾರ ಎರಡನೇ ಪಾಳಿ ಶುರುವಾಯಿತು. ಆ ಸೋಮವಾರವಂತೂ ಇನ್ಸ್‌ಪೆಕ್ಟರು ಸಹಿ ಹಾಕಿದ ಸುದ್ದಿ ನಮಗಿಂತ ಮೊದಲೇ ಗೇಟಿಗೆ ತಲುಪಿತ್ತು. ಹಾಲಪ್ಪನವರು ಹೊರಗಿದ್ದವರನ್ನೆಲ್ಲ ಒಳಗೆ ಕರೆದರು. ಒಂದು ಗಂಟೆ ಒಲೆಯ ಮೇಲೆ ಕುದಿದು ಕಷಾಯವಾಗಿದ್ದ ಟೀಯನ್ನು ಮುರುಗನ್ ಎಲ್ಲರಿಗೂ ಅರ್ಧರ್ಧ ಲೋಟ ಹಂಚಿದರು. ಇನ್ಸ್‌ಪೆಕ್ಟರು ಒಂದು ಗುಟುಕು ಕುಡಿದು, ಲೋಟವನ್ನು ಮೆಲ್ಲಗೆ ಸರ್ಟಿಫಿಕೇಟಿನ ಪಕ್ಕ ಇಟ್ಟರು. ನಾನು ಡೈರಿ ತೆಗೆದು ಇಪ್ಪತ್ತೇಳು ಎಂದು ನಂಬರ್ ಹಾಕಿ, ಮುಂದೆ ಬರೆದೆ: ಟೀ ತಡವಾಯಿತು.